ನಿದ್ದೆಯನ್ನು ಓದುವವರು

ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಆ ಹೊತ್ತಿನಲ್ಲಿ ಎಚ್ಚರವಾಗಿರುವುದಿಲ್ಲ. ವೈದ್ಯರಿಗೆ ಎದುರಾಗುವ ಮೊದಲ ತೊಡಕು ಇದೇ. ಜ್ವರ ಬಂದವನಿಗೆ ಮೈ ಸುಡುವುದು ಗೊತ್ತಾಗುತ್ತದೆ, ಹಲ್ಲು ನೋಯುವವನಿಗೆ ಯಾವ ಹಲ್ಲು ಎಂಬುದೂ ಗೊತ್ತಿರುತ್ತದೆ. ರಾತ್ರಿಯಿಡೀ ನೂರಾರು ಬಾರಿ ಉಸಿರು ಕಟ್ಟಿ, ಎಚ್ಚರದ ಅಂಚಿಗೆ ಬಂದು, ಮತ್ತೆ ನಿದ್ದೆಗೆ ಜಾರಿದವನಿಗೆ ಬೆಳಗ್ಗೆ ಅದರಲ್ಲಿ ಒಂದೂ ನೆನಪಿರುವುದಿಲ್ಲ. ತಲೆ ಭಾರವಾಗಿದೆ, ಮಧ್ಯಾಹ್ನ ಕೆಲಸದ ಮುಂದೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ, ಅವನಿಗೆ ಗೊತ್ತಿರುವುದು ಅಷ್ಟೇ.

ಪರೀಕ್ಷೆ ಮಾತಿನಿಂದಲೇ ಶುರುವಾಗುತ್ತದೆ. ಮಲಗುವುದು ಎಷ್ಟು ಗಂಟೆಗೆ, ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕು, ನಡುವೆ ಎಷ್ಟು ಸಲ ಏಳುತ್ತೀರಿ, ಸಂಜೆಯ ಮೇಲೆ ಕಾಫಿ ಕುಡಿಯುತ್ತೀರಾ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ. ಪಕ್ಕದಲ್ಲಿ ಮಲಗುವವರನ್ನೂ ಜೊತೆಗೆ ಕರೆತನ್ನಿ ಎಂದು ವೈದ್ಯರು ಹೇಳುವುದುಂಟು. "ಜೋರಾಗಿ ಗೊರಕೆ ಹೊಡೀತಾ ಇರ್ತಾರೆ ಡಾಕ್ಟ್ರೇ, ಇದ್ದಕ್ಕಿದ್ದಂತೆ ನಿಂತುಹೋಗತ್ತೆ. ಉಸಿರೇ ಇಲ್ಲವೇನೋ ಅಂತ ನಾನು ಎದ್ದು ಕೂತ್ಕೋತೀನಿ. ಆಮೇಲೆ ಗಕ್ಕಂತ ಎಳ್ಕೋತಾರೆ" ಎಂದು ಹೆಂಡತಿ ಹೇಳುವ ಈ ನಾಲ್ಕು ಮಾತು ನಿದ್ರಾವೈದ್ಯರಿಗೆ ಬಹಳ ಬೆಲೆಯುಳ್ಳ ಸಾಕ್ಷ್ಯ. ಎರಡು ವಾರ ನಿದ್ದೆಯ ದಿನಚರಿ ಬರೆದು ತರುವಂತೆಯೂ ಕೇಳುತ್ತಾರೆ. ಅದರಲ್ಲಿ ಸಾಹಿತ್ಯವೇನೂ ಬೇಕಿಲ್ಲ. ದೀಪ ಆರಿಸಿದ ಹೊತ್ತು, ಎದ್ದ ಹೊತ್ತು, ಹಗಲಲ್ಲಿ ಮಲಗಿದ್ದರೆ ಅದು, ಇಷ್ಟು ಸಾಕು.

ಮಾತನ್ನು ಸಂಖ್ಯೆಗೆ ಇಳಿಸುವ ಪ್ರಶ್ನಾವಳಿಗಳೂ ಇವೆ. 1991ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ ಪ್ರಕಟಿಸಿದ ಎಪ್‌ವರ್ತ್ ಮಾಪಕ ಅವುಗಳಲ್ಲಿ ಹೆಸರಾದುದು. ಕೂತು ಓದುವಾಗ, ಟಿವಿ ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಕಾರಿನಲ್ಲಿ ಒಂದು ಗಂಟೆ ಪ್ರಯಾಣಿಕರಾಗಿ ಹೋಗುವಾಗ, ಹೀಗೆ ಎಂಟು ಸಂದರ್ಭಗಳನ್ನು ಕೊಟ್ಟು, ಒಂದೊಂದರಲ್ಲೂ ತೂಕಡಿಸುವ ಸಂಭವ ಎಷ್ಟೆಂದು ಸೊನ್ನೆಯಿಂದ ಮೂರರೊಳಗೆ ಅಂಕ ಹಾಕಲು ಅದು ಕೇಳುತ್ತದೆ. ಒಟ್ಟು 24ರಲ್ಲಿ ಹತ್ತನ್ನು ಮೀರಿದರೆ ಹಗಲಿನ ನಿದ್ದೆ ಹೆಚ್ಚೆಂದು ಲೆಕ್ಕ. ಅದರ ಜಾಣ್ಮೆ ಇರುವುದು "ನಿಮಗೆ ಸುಸ್ತೇ?" ಎಂದು ಎಲ್ಲಿಯೂ ಕೇಳದಿರುವುದರಲ್ಲಿ. ಸುಸ್ತಿಗೆ ನೂರು ಕಾರಣ. ತೂಕಡಿಕೆಗೆ ಕಾರಣಗಳು ಕಡಿಮೆ.

ಇವಿಷ್ಟರಿಂದಲೇ ಎಷ್ಟೋ ಜನರ ತೊಂದರೆ ಏನೆಂದು ತಿಳಿದುಬಿಡುತ್ತದೆ. ನಿದ್ದೆ ಬಾರದ ಕಾಯಿಲೆಗೆ ಸಾಮಾನ್ಯವಾಗಿ ಯಂತ್ರಪರೀಕ್ಷೆಯೇ ಬೇಕಾಗುವುದಿಲ್ಲ. ಉಸಿರುಕಟ್ಟುವಿಕೆಯ ಅನುಮಾನ ಬಂದರೆ, ನಿದ್ದೆಯಲ್ಲಿ ಕೈಕಾಲು ಬಡಿಯುವ, ಎದ್ದು ಓಡಾಡುವ ಲಕ್ಷಣ ಕಂಡರೆ, ಹಗಲಿನ ನಿದ್ದೆಗೆ ಬೇರೆ ವಿವರಣೆ ಸಿಗದಿದ್ದರೆ, ಆಗ ಒಂದು ರಾತ್ರಿ ಸ್ಲೀಪ್ ಲ್ಯಾಬಿನಲ್ಲಿ ಮಲಗಬೇಕಾಗುತ್ತದೆ. ಆ ಪರೀಕ್ಷೆಯ ಪೂರ್ಣ ಹೆಸರು ಪಾಲಿಸೋಮ್ನೋಗ್ರಫಿ. ಮಿದುಳು, ಕಣ್ಣು, ಸ್ನಾಯು, ಹೃದಯ, ಉಸಿರು, ರಕ್ತದ ಆಮ್ಲಜನಕ ಇಷ್ಟನ್ನೂ ಒಟ್ಟಿಗೆ, ಒಂದೇ ಗಡಿಯಾರಕ್ಕೆ ಹೊಂದಿಸಿ ರಾತ್ರಿಯಿಡೀ ಬರೆದುಕೊಳ್ಳುವ ಕ್ರಮ ಅದು.

ಬರುವ ಮುನ್ನ ರೋಗಿಗೆ ಹೇಳುವ ಸೂಚನೆಗಳು ಮನೆಮಾತಿನವು. ತಲೆಸ್ನಾನ ಮಾಡಿ ಬನ್ನಿ, ಎಣ್ಣೆ ಹಚ್ಚಬೇಡಿ. ಉಗುರುಬಣ್ಣ ಇದ್ದರೆ ತೆಗೆದುಬನ್ನಿ. ಮಧ್ಯಾಹ್ನ ಮಲಗಬೇಡಿ. ನಿಮ್ಮ ದಿಂಬು ನಿಮಗೆ ಬೇಕೆನಿಸಿದರೆ ತನ್ನಿ. ಪ್ರತಿಯೊಂದಕ್ಕೂ ಕಾರಣವಿದೆ. ಕೊಬ್ಬರಿ ಎಣ್ಣೆ ಮೆತ್ತಿದ ನೆತ್ತಿಗೆ ಎಲೆಕ್ಟ್ರೋಡ್ ಅಂಟುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಉಗುರಿನ ಮೂಲಕ ಬೆಳಕು ಹಾಯಿಸಿ ಆಮ್ಲಜನಕ ಅಳೆಯುವುದರಿಂದ ಬಣ್ಣ ಅದಕ್ಕೆ ಅಡ್ಡಿ. ಹೊಸ ಜಾಗದ ಮೊದಲ ರಾತ್ರಿ ಯಾರಿಗಾದರೂ ನಿದ್ದೆ ಕೊಂಚ ಕೆಡುತ್ತದೆ, ತಮ್ಮ ದಿಂಬು ಅದನ್ನು ಸ್ವಲ್ಪವಾದರೂ ತಗ್ಗಿಸೀತು.

ಆಮೇಲೆ ತಂತ್ರಜ್ಞೆಯ ಕೈಕೆಲಸ. ಇದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಇಡೀ ರಾತ್ರಿಯ ಗುಣಮಟ್ಟ ನಿರ್ಧಾರವಾಗುವುದು ಇಲ್ಲಿಯೇ.

ಮೊದಲು ತಲೆಯ ಅಳತೆ. ಮೂಗಿನ ಬುಡದಲ್ಲಿ, ಎರಡು ಹುಬ್ಬುಗಳ ನಡುವಿನಿಂದ ತುಸು ಕೆಳಗೆ ಒಂದು ತಗ್ಗಿದೆ. ಹಿಂದಲೆಯ ಕೆಳಭಾಗದಲ್ಲಿ ಕೈಯಾಡಿಸಿದರೆ ಸಣ್ಣ ಮೂಳೆಯುಬ್ಬು ಸಿಗುತ್ತದೆ. ಈ ಎರಡರ ನಡುವೆ ನೆತ್ತಿಯ ಮೇಲೆ ಟೇಪು ಹಿಡಿದು ಅಳೆಯುತ್ತಾರೆ. 36 ಸೆಂಟಿಮೀಟರ್ ಬಂದರೆ 18ರಲ್ಲಿ ಬಣ್ಣದ ಪೆನ್ಸಿಲಿನಿಂದ ಒಂದು ಗುರುತು. ಒಂದು ಕಿವಿಯ ಮುಂದಿನ ತಗ್ಗಿನಿಂದ ಇನ್ನೊಂದರ ತನಕ ಅಡ್ಡಲಾಗಿ ಮತ್ತೊಂದು ಅಳತೆ. ಅದು 35 ಆದರೆ ನಡುಬಿಂದುವಿನಿಂದ ಆಚೆ ಈಚೆ ಏಳೇಳು ಸೆಂಟಿಮೀಟರಿಗೆ ಗುರುತು, ಎಂದರೆ ಶೇಕಡ 20. ದೂರವನ್ನೆಲ್ಲ ಹೀಗೆ ಹತ್ತು, ಇಪ್ಪತ್ತು ಶೇಕಡಗಳಲ್ಲಿ ಹಂಚುವುದರಿಂದ ಇದಕ್ಕೆ 10–20 ಪದ್ಧತಿಯೆಂದು ಹೆಸರು. ಹರ್ಬರ್ಟ್ ಜಾಸ್ಪರ್ 1958ರಲ್ಲಿ ಇದನ್ನು ಪ್ರಕಟಿಸಿದರು. ಮಗುವಿನ ತಲೆಯಾಗಲಿ ದೊಡ್ಡವರದಾಗಲಿ, ಬೆಂಗಳೂರಿನಲ್ಲಾಗಲಿ ಬರ್ಲಿನ್ನಿನಲ್ಲಾಗಲಿ, ಗುರುತು ಬೀಳುವುದು ಮಿದುಳಿನ ಅದೇ ಭಾಗದ ಮೇಲೆ. ಎಡಬದಿಯ ಗುರುತುಗಳಿಗೆ ಬೆಸ ಸಂಖ್ಯೆ, ಬಲಬದಿಯವಕ್ಕೆ ಸಮ ಸಂಖ್ಯೆ.

ಇನ್ನು ಅಂಟಿಸುವುದು. ಗುರುತಿನ ಜಾಗದಲ್ಲಿ ಬೈತಲೆ ತೆಗೆದಂತೆ ಕೂದಲು ಸರಿಸಿ, ನುಣ್ಣನೆಯ ಮರಳಿನಂಶವಿರುವ ಜೆಲ್ಲನ್ನು ಹತ್ತಿಯಲ್ಲಿ ತೆಗೆದು ಚರ್ಮವನ್ನು ಉಜ್ಜುತ್ತಾರೆ. ಸತ್ತ ಚರ್ಮದ ಪದರ ಹೋಗಬೇಕು, ಗಾಯವಾಗಬಾರದು. ಒತ್ತಡ ಎಷ್ಟೆಂದು ಹೇಳಿಕೊಡುವ ಅಳತೆ ಇಲ್ಲ, ಕೈ ಕಲಿಯಬೇಕು. ಆಮೇಲೆ ಬಟ್ಟಲಿನಾಕಾರದ ಪುಟ್ಟ ಲೋಹದ ಎಲೆಕ್ಟ್ರೋಡಿಗೆ ವಿದ್ಯುತ್ ಹರಿಸುವ ದಪ್ಪ ಪೇಸ್ಟ್ ತುಂಬಿ, ಒತ್ತಿ ಕೂರಿಸಿ, ಮೇಲೆ ಗಾಜ್ ಬಟ್ಟೆಯ ತುಂಡು ಹೊದಿಸುತ್ತಾರೆ. ಹಣೆಯ ಹಿಂದೆ, ನಡುನೆತ್ತಿಯ ಎರಡೂ ಬದಿ, ಹಿಂದಲೆ, ಮತ್ತು ಕಿವಿಯ ಹಿಂದಿನ ಮೂಳೆ. ಒಂದು ಕಣ್ಣಿನ ಹೊರತುದಿಯಿಂದ ಒಂದು ಸೆಂಟಿಮೀಟರ್ ಕೆಳಗೆ, ಇನ್ನೊಂದರ ಹೊರತುದಿಯಿಂದ ಒಂದು ಸೆಂಟಿಮೀಟರ್ ಮೇಲೆ. ಗದ್ದದ ಮೇಲೂ ಅಡಿಯಲ್ಲೂ ಸೇರಿ ಮೂರು. ಎರಡೂ ಮೊಣಕಾಲಿನ ಕೆಳಗೆ, ಮುಂಗಾಲಿನ ಸ್ನಾಯುವಿನ ಮೇಲೆ. ಎದೆಯ ಮೇಲೆ ಹೃದಯಕ್ಕಾಗಿ.

ಇಷ್ಟೊಂದು ಉಜ್ಜುವುದು, ಅಳೆಯುವುದು ಏಕೆಂದರೆ ಹಿಡಿಯಬೇಕಾದ ಸಂಕೇತ ಅಷ್ಟು ಕ್ಷೀಣ. ಗಾಢ ನಿದ್ದೆಯ ಅಲೆಯನ್ನು ಗುರುತಿಸಲು ಇಟ್ಟುಕೊಂಡಿರುವ ಮಿತಿ 75 ಮೈಕ್ರೋವೋಲ್ಟ್. ಅದು ಒಂದು ಟಾರ್ಚ್ ಸೆಲ್ಲಿನ ಒಂದೂವರೆ ವೋಲ್ಟಿನಲ್ಲಿ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ತಲೆಬುರುಡೆ, ಚರ್ಮ ದಾಟಿ ಬರುವ ಈ ಸುಳಿವು ಕೋಣೆಯ ಗೋಡೆಯೊಳಗಿನ ವೈರಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯಲ್ಲಿ ಸುಲಭವಾಗಿ ಮುಳುಗಿಹೋಗುತ್ತದೆ. ಆದ್ದರಿಂದ ಪ್ರತಿ ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ತಡೆಯನ್ನು ಅಳೆದು ನೋಡುತ್ತಾರೆ. ಐದು ಕಿಲೋ ಓಮ್‌ಗಿಂತ ಹೆಚ್ಚಿದ್ದರೆ ಕಿತ್ತು, ಮತ್ತೆ ಉಜ್ಜಿ, ಮತ್ತೆ ಅಂಟಿಸಬೇಕು.

ಉಸಿರಿಗೆ ಬೇರೆ ಸಾಧನಗಳು. ಮೂಗಿನ ಕೆಳಗೆ ಎರಡು ಇರುತ್ತವೆ: ಹೊರಬರುವ ಗಾಳಿಯ ಬಿಸಿಯನ್ನು ಗ್ರಹಿಸುವುದೊಂದು, ಗಾಳಿಯ ಒತ್ತಡವನ್ನು ಗ್ರಹಿಸುವ ತೆಳು ಕೊಳವೆ ಇನ್ನೊಂದು. ಪೂರಾ ನಿಂತ ಉಸಿರನ್ನು ಮೊದಲನೆಯದೂ, ಕುಗ್ಗಿದ ಉಸಿರನ್ನು ಎರಡನೆಯದೂ ಚೆನ್ನಾಗಿ ತೋರಿಸುತ್ತವೆ. ಎದೆಗೊಂದು, ಹೊಟ್ಟೆಗೊಂದು ಹಿಗ್ಗುವ ಪಟ್ಟಿ. ಬೆರಳಿಗೆ ಆಕ್ಸಿಮೀಟರ್. ಕುತ್ತಿಗೆಯ ಬಳಿ ಗೊರಕೆ ಹಿಡಿಯುವ ಮೈಕು. ಯಾವ ಮಗ್ಗುಲಿಗೆ ಮಲಗಿದ್ದಾರೆಂದು ಹೇಳುವ ಪುಟ್ಟ ಡಬ್ಬಿ. ಕತ್ತಲಲ್ಲೂ ಕಾಣುವ ಕ್ಯಾಮೆರಾ. ಎಲ್ಲ ತಂತಿಗಳನ್ನೂ ಬೆನ್ನಿನ ಹಿಂದೆ ಜಡೆಯಂತೆ ಒಟ್ಟುಗೂಡಿಸಿ ಒಂದು ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ರಾತ್ರಿ ಶೌಚಕ್ಕೆ ಏಳಬೇಕೆಂದರೆ ಆ ಪೆಟ್ಟಿಗೆಯನ್ನು ಬಿಡಿಸಿಕೊಟ್ಟರೆ ಆಯಿತು.

ದೀಪ ಆರಿಸುವ ಮುಂಚೆ ಪಕ್ಕದ ಕೋಣೆಯಿಂದ ಮೈಕಿನಲ್ಲಿ ತಂತ್ರಜ್ಞೆಯ ದನಿ ಬರುತ್ತದೆ. "ಸರ್, ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ಎಡಕ್ಕೆ... ಈಗ ಬಲಕ್ಕೆ. ಐದು ಸಲ ಕಣ್ಣು ಮಿಟುಕಿಸಿ. ಹಲ್ಲು ಕಚ್ಚಿ. ಎಡಗಾಲಿನ ಪಾದ ಮೇಲಕ್ಕೆ ಮಡಚಿ. ಈಗ ಉಸಿರು ಹಿಡಿದುಕೊಳ್ಳಿ, ಸಾಕು." ಒಂದೊಂದಕ್ಕೂ ಪರದೆಯ ಮೇಲೆ ತಕ್ಕ ಗೆರೆ ಏಳಬೇಕು. ಈ ಮನುಷ್ಯನ ಎಚ್ಚರ ಹೇಗೆ ಕಾಣುತ್ತದೆ ಎಂಬುದಕ್ಕೆ ಇದೇ ಮಾದರಿ. ಬೆಳಗಿನ ತನಕ ಉಳಿದದ್ದನ್ನೆಲ್ಲ ಇದಕ್ಕೆ ಹೋಲಿಸಿ ಓದಬೇಕು.

ಮುಂದೆ ರೋಗಿ ಮಲಗುತ್ತಾನೆ, ತಂತ್ರಜ್ಞೆ ಎಚ್ಚರವಾಗಿರುತ್ತಾಳೆ. ಯಂತ್ರ ತಾನೇ ಬರೆದುಕೊಳ್ಳುತ್ತಿರುವಾಗ ಅವಳಿಗೆ ಕೆಲಸವೇನು ಎಂದು ಅನಿಸಬಹುದು. ದೇಹದಿಂದ ಬಂದ ಗೆರೆ ಯಾವುದು, ದೇಹದ್ದಲ್ಲದ ಗೆರೆ ಯಾವುದು ಎಂದು ಆಗಿಂದಾಗಲೇ ಬೇರ್ಪಡಿಸುವುದು ಅವಳ ಕೆಲಸ. ನೆತ್ತಿ ಬೆವರಿದರೆ ಗೆರೆಗಳು ನಿಧಾನವಾಗಿ ತೂಗಾಡತೊಡಗುತ್ತವೆ. ಅರಿಯದವರ ಕಣ್ಣಿಗೆ ಅದು ಗಾಢ ನಿದ್ದೆಯ ಅಲೆಯೇ. ಅವಳು ಕೋಣೆಯ ತಂಪು ಹೆಚ್ಚಿಸುತ್ತಾಳೆ, ತೂಗಾಟ ನಿಲ್ಲುತ್ತದೆ. ಒಂದೇ ಗೆರೆ ದಪ್ಪಗೆ ಕಪ್ಪಾದರೆ ಆ ಎಲೆಕ್ಟ್ರೋಡಿನ ಹಿಡಿತ ಸಡಿಲವಾಗಿ ಗೋಡೆಯ ವಿದ್ಯುತ್ತು ಒಳನುಗ್ಗಿದೆ ಎಂದರ್ಥ. ಸೆಕೆಂಡಿಗೊಮ್ಮೆ ಮುಳ್ಳು ಮೂಡುತ್ತಿದ್ದರೆ ಹೃದಯದ ಬಡಿತ ಮಿದುಳಿನ ಗೆರೆಗೆ ಬೆರೆತಿದೆ. ಮೂಗಿನ ಕೊಳವೆ ಜಾರಿದರೆ ಉಸಿರೇ ನಿಂತಂತೆ ಕಾಣುತ್ತದೆ, ಆದರೆ ಎದೆ ಹೊಟ್ಟೆಯ ಪಟ್ಟಿಗಳು ಸಮನಾಗಿ ಏರಿಳಿಯುತ್ತಿರುತ್ತವೆ, ಆಮ್ಲಜನಕವೂ ಇಳಿದಿರುವುದಿಲ್ಲ. ಹೀಗಾದಾಗ ಒಳಗೆ ಹೋಗಿ ಸರಿಪಡಿಸಬೇಕೇ, ಕಾಯಬೇಕೇ? ಹೋದರೆ ನಿದ್ದೆ ಕೆಡಬಹುದು, ಹೋಗದಿದ್ದರೆ ದಾಖಲೆ ಕೆಡುತ್ತದೆ. ನುರಿತವಳು ರೋಗಿ ತಾನಾಗಿ ಮಗ್ಗುಲು ಬದಲಿಸಿ ಅರೆ ಎಚ್ಚರವಾಗುವ ಗಳಿಗೆಗೆ ಕಾದು ಆಗ ಒಳಹೋಗುತ್ತಾಳೆ. ನಡುನಡುವೆ ಹೊತ್ತು ನಮೂದಿಸಿ ಟಿಪ್ಪಣಿ ಬರೆಯುತ್ತಾಳೆ: ಅಂಗಾತ ಹೊರಳಿದರು, ಕನವರಿಸಿದರು, ಕೆಮ್ಮಿದರು.

ಬೆಳಗ್ಗೆ ಎಲ್ಲ ಬಿಚ್ಚಿದ ಮೇಲೆ ದಾಖಲೆಯನ್ನು ಓದುವ ಕೆಲಸ ಶುರು. ಇದನ್ನು ಸ್ಕೋರಿಂಗ್ ಎನ್ನುತ್ತಾರೆ. ಇಡೀ ರಾತ್ರಿಯನ್ನು 30 ಸೆಕೆಂಡುಗಳ ಪುಟಗಳಾಗಿ ಹಂಚಿ, ಪ್ರತಿ ಪುಟಕ್ಕೂ ನಿದ್ದೆಯ ಒಂದು ಹಂತದ ಹೆಸರು ಕೊಡಬೇಕು. ಎಂಟು ಗಂಟೆಯ ರಾತ್ರಿಗೆ 960 ಪುಟ. ಈ 30ರ ಲೆಕ್ಕ ಕಾಗದದ ಕಾಲದಿಂದ ಬಂದದ್ದು. ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಕಾಗದ ಸರಿದರೆ 30 ಸೆಂಟಿಮೀಟರಿನ ಒಂದು ಹಾಳೆಯಲ್ಲಿ ಅಷ್ಟು ಹೊತ್ತು ಹಿಡಿಯುತ್ತಿತ್ತು. ಒಂದು ರಾತ್ರಿಗೆ 288 ಮೀಟರ್ ಕಾಗದ. ಅದನ್ನು ಹಾಳೆ ಹಾಳೆಯಾಗಿ ಮಗುಚಿ ಓದುತ್ತಿದ್ದರು. ಈಗ ಪರದೆ ಬಂದಿದೆ, ಪುಟದ ಉದ್ದ ಮಾತ್ರ ಅದೇ ಉಳಿದಿದೆ.

ಆ ಪುಟದಲ್ಲಿ ಏನು ನೋಡುತ್ತಾರೆ? ಎಚ್ಚರವಿದ್ದು ಕಣ್ಣು ಮುಚ್ಚಿದವರ ಹಿಂದಲೆಯಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಸಮನಾದ ಅಲೆ ಕಾಣುತ್ತದೆ. ಇದೇ ಆಲ್ಫಾ. ಮನುಷ್ಯನ ಮಿದುಳಿನ ವಿದ್ಯುತ್ತನ್ನು 1924ರಲ್ಲಿ ಮೊದಲ ಸಲ ದಾಖಲಿಸಿದ ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ ಗುರುತಿಸಿದ ಅಲೆ. ಪುಟದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಅದು ಅಳಿಸಿಹೋಗಿ, ಕಣ್ಣಿನ ಗೆರೆಗಳು ನಿಧಾನವಾಗಿ ಹೊರಳತೊಡಗಿದರೆ ಮಂಪರು, ಎನ್1 ಹಂತ. ಆಮೇಲೆ ಸಪಾಟಾದ ಹಿನ್ನೆಲೆಯಲ್ಲಿ ಎರಡು ಹೊಸ ಆಕೃತಿಗಳು. ಒಂದು ಸ್ಪಿಂಡಲ್: ಸೆಕೆಂಡಿಗೆ 11ರಿಂದ 16 ಬಾರಿ ಕಂಪಿಸುತ್ತ ನಡುವೆ ಉಬ್ಬಿ ಎರಡೂ ತುದಿಗೆ ಸಣ್ಣಗಾಗುವ, ಅರ್ಧ ಸೆಕೆಂಡಾದರೂ ಇರಬೇಕಾದ ಅಲೆಗೊಂಚಲು. ಇನ್ನೊಂದು ಕೆ-ಕಾಂಪ್ಲೆಕ್ಸ್: ಚೂಪಾಗಿ ಮೇಲೆದ್ದು ಆಳಕ್ಕೆ ಇಳಿಯುವ ಒಂಟಿ ಅಲೆ. ಬಾಗಿಲು ತಟ್ಟಿದ ಸದ್ದಿಗೂ ಮಿದುಳು ಹೀಗೆ ಪ್ರತಿಕ್ರಿಯಿಸಬಹುದು, ನಿದ್ದೆ ಮಾತ್ರ ಮುರಿದಿರುವುದಿಲ್ಲ. ಇವು ಕಂಡರೆ ಎನ್2. ಸೆಕೆಂಡಿಗೆ ಅರ್ಧದಿಂದ ಎರಡು ಬಾರಿಯಷ್ಟೇ ಏರಿಳಿಯುವ, 75 ಮೈಕ್ರೋವೋಲ್ಟ್ ಮೀರಿದ ದೊಡ್ಡ ಅಲೆಗಳು ಪುಟದ ಐದರಲ್ಲಿ ಒಂದು ಭಾಗವನ್ನು, ಎಂದರೆ ಆರು ಸೆಕೆಂಡುಗಳನ್ನು ತುಂಬಿದರೆ ಗಾಢ ನಿದ್ದೆ, ಎನ್3.

ಉಳಿದದ್ದು ಆರ್‌ಇಎಂ, ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವ ನಿದ್ದೆ. ಶಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯುಜೀನ್ ಆಸರಿನ್‌ಸ್ಕಿ ತನ್ನ ಎಂಟು ವರ್ಷದ ಮಗನಿಗೆ ಎಲೆಕ್ಟ್ರೋಡ್ ಅಂಟಿಸಿ ಮಲಗಿಸಿದಾಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರನೆ ಓಡಾಡುವ ಗೆರೆಗಳು ಬಂದವು. ಯಂತ್ರ ಕೆಟ್ಟಿರಬೇಕೆಂದು ಅವರು ಮೊದಲು ಸಂಶಯಪಟ್ಟರು. ಗುರು ನಥೇನಿಯಲ್ ಕ್ಲೈಟ್‌ಮನ್ ಜೊತೆ 1953ರಲ್ಲಿ ಅದನ್ನು ಪ್ರಕಟಿಸಿದರು. ಈ ಹಂತದಲ್ಲಿ ಮಿದುಳಿನ ಗೆರೆ ಎಚ್ಚರದ ಗೆರೆಯನ್ನೇ ಹೋಲುತ್ತದೆ. ವ್ಯತ್ಯಾಸ ಹೇಳುವುದು ಗದ್ದದ ಗೆರೆ: ಹೆಚ್ಚಿನ ಸ್ನಾಯುಗಳು ಸಡಿಲಗೊಂಡು ಅದು ಬಹುತೇಕ ನೇರವಾಗಿಬಿಡುತ್ತದೆ. ಮಲಗಿದವನು ಕನಸಿನಲ್ಲಿ ಓಡಿದರೂ ಕಾಲು ಓಡುವುದಿಲ್ಲ. ಆ ಗೆರೆ ನೇರವಾಗದೆ ಉಳಿದು, ಕ್ಯಾಮೆರಾದಲ್ಲಿ ಕೈ ಬೀಸುವುದು ಕಂಡರೆ ಅದು ಬೇರೆಯದೇ ರೋಗದ ಸೂಚನೆ. ಗದ್ದಕ್ಕೆ ಮೂರು ಎಲೆಕ್ಟ್ರೋಡ್ ಅಂಟಿಸುವ ಎಚ್ಚರಿಕೆ ಸಾರ್ಥಕವಾಗುವುದು ಇಲ್ಲಿ. ಕಣ್ಣಿನ ಎಲೆಕ್ಟ್ರೋಡುಗಳನ್ನು ಒಂದು ಮೇಲೆ ಒಂದು ಕೆಳಗೆ ಇಟ್ಟಿದ್ದರ ಗುಟ್ಟೂ ಇಲ್ಲೇ ತಿಳಿಯುವುದು. ಕಣ್ಣುಗಳು ಜೊತೆಯಾಗಿ ಯಾವ ಕಡೆ ಹೊರಳಿದರೂ ಎರಡು ಗೆರೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹೋಗುತ್ತವೆ. ಮಿದುಳಿನ ದೊಡ್ಡ ಅಲೆ ಅಲ್ಲಿಗೆ ಸೋರಿಬಂದಿದ್ದರೆ ಎರಡೂ ಒಂದೇ ದಿಕ್ಕಿಗೆ ಹೋಗುತ್ತವೆ.

1968ರಲ್ಲಿ ರೆಕ್ಟ್‌ಶಾಫನ್ ಮತ್ತು ಕೇಲ್ಸ್ ಸಂಪಾದಿಸಿದ ಕೈಪಿಡಿ ಈ ಓದಿಗೆ ಮೊದಲ ಸರ್ವಸಮ್ಮತ ವ್ಯಾಕರಣ. 2007ರಲ್ಲಿ ಅಮೆರಿಕದ ನಿದ್ರಾವೈದ್ಯಕೀಯ ಅಕಾಡೆಮಿ ಹೊಸ ಕೈಪಿಡಿ ತಂದು, ಹಳೆಯ ಮೂರು ಮತ್ತು ನಾಲ್ಕನೆಯ ಹಂತಗಳನ್ನು ಸೇರಿಸಿ ಎನ್3 ಮಾಡಿತು. ನಿಯಮಗಳಿದ್ದರೂ ಪುಟವೊಂದನ್ನು ಒಂಟಿಯಾಗಿ ಓದಲಾಗದು. ಸ್ಪಿಂಡಲ್ ಕಾಣದ ಪುಟವೂ ಹಿಂದಿನ ಪುಟ ಎನ್2 ಆಗಿದ್ದು ನಡುವೆ ಎಚ್ಚರವಾಗದಿದ್ದರೆ ಎನ್2 ಆಗಿಯೇ ಉಳಿಯುತ್ತದೆ. ನುರಿತ ಇಬ್ಬರು ಒಂದೇ ರಾತ್ರಿಯನ್ನು ಓದಿದರೂ ಒಮ್ಮತ ಸಿಗುವುದು ನೂರಕ್ಕೆ ಸುಮಾರು ಎಂಬತ್ತು ಪುಟಗಳಲ್ಲಿ. ಭಿನ್ನಮತ ಹೆಚ್ಚಾಗಿರುವುದು ಮಂಪರಿನ ಪುಟಗಳಲ್ಲಿ. ಎಚ್ಚರ ಮುಗಿದು ನಿದ್ದೆ ಶುರುವಾದ ಕ್ಷಣ ಇದೇ ಎಂದು ಬೆರಳಿಡುವುದು ಅಷ್ಟು ಕಷ್ಟ. ಇದನ್ನು ಈ ವಿದ್ಯೆಯ ಕೊರತೆ ಎಂದು ನಾನು ಎಣಿಸಲಾರೆ. ನಿದ್ದೆಯೇ ಹಾಗೆ ಬರುತ್ತದೆ.

ಹಂತಗಳಾದ ಮೇಲೆ ಉಸಿರಿನ ಎಣಿಕೆ. ಗಾಳಿಯ ಹರಿವು ಶೇಕಡ 90ರಷ್ಟು ತಗ್ಗಿ ಹತ್ತು ಸೆಕೆಂಡಾದರೂ ಹಾಗೇ ಇದ್ದರೆ ಅದೊಂದು ಅಪ್ನಿಯಾ, ಎಂದರೆ ಉಸಿರುಕಟ್ಟುವಿಕೆ. ಶೇಕಡ 30ರಷ್ಟಾದರೂ ಕುಗ್ಗಿ, ಜೊತೆಗೆ ಆಮ್ಲಜನಕ ಇಳಿದರೆ ಅಥವಾ ಮಿದುಳು ಕ್ಷಣಕಾಲ ಎಚ್ಚರಗೊಂಡರೆ ಹೈಪೋಪ್ನಿಯಾ. ಉಸಿರು ನಿಂತಾಗಲೂ ಎದೆ ಹೊಟ್ಟೆಗಳು ಒಂದು ಏರಿದರೆ ಇನ್ನೊಂದು ಇಳಿಯುತ್ತ ಹೆಣಗುತ್ತಿದ್ದರೆ ಗಂಟಲು ಮುಚ್ಚಿಕೊಂಡಿದೆ. ಎರಡೂ ಅಲುಗದಿದ್ದರೆ ಉಸಿರಾಡೆಂಬ ಆಜ್ಞೆಯೇ ಮಿದುಳಿನಿಂದ ಬಂದಿಲ್ಲ. ಎರಡು ಪಟ್ಟಿಗಳು ಹೇಳುವ ಈ ಭೇದದ ಮೇಲೆ ಚಿಕಿತ್ಸೆ ನಿಂತಿದೆ. ಎಲ್ಲವನ್ನೂ ಕೂಡಿ ನಿದ್ದೆಯ ಗಂಟೆಗೆ ಇಷ್ಟು ಎಂದು ಭಾಗಿಸುತ್ತಾರೆ. ಐದರೊಳಗಿದ್ದರೆ ದೊಡ್ಡವರಿಗೆ ಸಹಜ. ಹದಿನೈದರ ತನಕ ಸೌಮ್ಯ, ಮೂವತ್ತರ ತನಕ ಮಧ್ಯಮ, ಅಲ್ಲಿಂದಾಚೆ ತೀವ್ರ. ಇಂಥವರು ಕೆಲವೊಮ್ಮೆ ಮತ್ತೊಂದು ರಾತ್ರಿ ಬರಬೇಕಾಗುತ್ತದೆ. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಪ್ರಕಟಿಸಿದ, ಮೂಗಿನ ಮೂಲಕ ಗಾಳಿಯೊತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ತೊಡಿಸಿ, ನಾಲ್ಕು ಸೆಂಟಿಮೀಟರ್ ನೀರಿನ ಒತ್ತಡದಿಂದ ಆರಂಭಿಸಿ, ತಂತ್ರಜ್ಞೆ ಪಕ್ಕದ ಕೋಣೆಯಿಂದಲೇ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾಳೆ, ಗೊರಕೆಯೂ ಅಡಗಿ ಉಸಿರು ಸಮವಾಗುವ ತನಕ.

ಬೆಂಗಳೂರಿನ ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದವರು ಇದೇ ವಿಧಾನವನ್ನು ರೋಗಿಗಳಾಚೆಗೂ ಒಯ್ದರು. ವಿಪಶ್ಯನ ಧ್ಯಾನ ಮಾಡುವವರ ರಾತ್ರಿಗಳನ್ನು ಹೀಗೇ ಪುಟಪುಟವಾಗಿ ಓದಿ 2006ರಲ್ಲಿ ಪ್ರಕಟಿಸಿದರು. ವಯಸ್ಸಿನೊಂದಿಗೆ ಗಾಢ ನಿದ್ದೆ ಕಡಿಮೆಯಾಗುವುದು ಸಹಜ. ನಡುವಯಸ್ಸಿನ ಧ್ಯಾನಿಗಳಲ್ಲಿ ಅದು ಹೆಚ್ಚಾಗಿ ಉಳಿದುಕೊಂಡದ್ದನ್ನು ಅವರು ಕಂಡರು. ಕೈಗೆ ಕಟ್ಟಿಕೊಳ್ಳುವ ಈಗಿನ ಗಡಿಯಾರಗಳೂ ಗಾಢ ನಿದ್ದೆ ಇಷ್ಟು ಎಂದು ತೋರಿಸುತ್ತವೆ. ಅವು ಕೈಯ ಅಲುಗಾಟ ಮತ್ತು ನಾಡಿಬಡಿತದಿಂದ ಮಾಡುವ ಅಂದಾಜು. ಎಷ್ಟಕ್ಕೆ ಮಲಗಿ ಎಷ್ಟಕ್ಕೆ ಎದ್ದಿರೆಂಬುದನ್ನು ವಾರಗಟ್ಟಲೆ ತಿಳಿಯಲು ಅವು ಒಳ್ಳೆಯವು. ಮಿದುಳಿನ ಅಲೆಯನ್ನು ಅವು ಕಂಡಿರುವುದಿಲ್ಲ.

ಕೊನೆಗೆ ವೈದ್ಯರ ಮೇಜಿಗೆ ಬರುವುದು ಕೆಲವೇ ಹಾಳೆಗಳ ವರದಿ. ನಿದ್ದೆ ಹತ್ತಲು ಹಿಡಿದ ಹೊತ್ತು, ಒಟ್ಟು ನಿದ್ದೆ, ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿದ್ದೆಯ ಪಾಲು (ಶೇಕಡ 85 ದಾಟಿದರೆ ಸಮಾಧಾನಕರ), ಪ್ರತಿ ಹಂತದ ಪ್ರಮಾಣ, ಉಸಿರಿನ ಲೆಕ್ಕ, ಆಮ್ಲಜನಕ ಇಳಿದ ಅತಿ ಕೆಳಗಿನ ಮಟ್ಟ. ಜೊತೆಗೆ, ಎದ್ದ ಕೂಡಲೇ ರೋಗಿಯೇ ತುಂಬಿಕೊಟ್ಟ ಚೀಟಿಯೊಂದಿರುತ್ತದೆ: ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಅನಿಸುತ್ತದೆ? ಇಡೀ ರಾತ್ರಿ ಕಣ್ಣು ಮುಚ್ಚಲಿಲ್ಲ ಎಂದು ಬರೆದವರ ದಾಖಲೆಯಲ್ಲಿ ಆರು ಗಂಟೆಯ ಸಹಜ ನಿದ್ದೆ ಇರುವುದುಂಟು. ಅಂಥವರು ಸುಳ್ಳು ಹೇಳುತ್ತಿಲ್ಲ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ತನ್ನದೇ ಹೆಸರಿದೆ, ಇದನ್ನೂ ನಿದ್ರಾಹೀನತೆಯ ಒಂದು ಬಗೆಯೆಂದೇ ಪರಿಗಣಿಸುತ್ತಾರೆ. ಹೀಗಾಗಿ ಅನುಭವಿ ವೈದ್ಯರು 960 ಪುಟಗಳ ಸಾರವನ್ನೂ ಆ ಒಂದು ಸಾಲಿನ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡೇ ಮಾತು ಶುರು ಮಾಡುತ್ತಾರೆ.